ಪರನಾಡಿನಲ್ಲಿ ಗಣಕ ರಕ್ಷಣೆಯ ಸ್ವತಂತ್ರ ವೃತ್ತಿ

ವೈದ್ಯರು, ವಕೀಲರು, ಲೆಕ್ಕಪರಿಶೋಧಕರು ಮೊದಲಾದವರು ಯಾರ ಸಂಬಳಕ್ಕೂ ಕಾಯದೆ ತಮ್ಮ ವಿದ್ಯೆಯನ್ನೇ ಬಂಡವಾಳ ಮಾಡಿಕೊಂಡು ಬಾಳುವುದನ್ನು ನಾವು ಬಹುಕಾಲದಿಂದ ನೋಡುತ್ತ ಬಂದಿದ್ದೇವೆ. ಈಚೆಗೆ ಆ ಸಾಲಿಗೆ ಸೇರಿದ ಹೊಸ ವೃತ್ತಿ ಗಣಕ ರಕ್ಷಣೆಯ ಸಲಹೆಗಾರಿಕೆ. ಕಚೇರಿ, ಆಸ್ಪತ್ರೆ, ಬ್ಯಾಂಕು, ಕಾರ್ಖಾನೆಗಳ ಕಂಪ್ಯೂಟರುಗಳಲ್ಲಿ ಕಳ್ಳನು ನುಗ್ಗಬಹುದಾದ ಕಿಂಡಿಗಳು ಎಲ್ಲಿವೆ ಎಂದು ಹುಡುಕಿ, ಅವುಗಳನ್ನು ಮುಚ್ಚುವ ಬಗೆಯನ್ನು ಹೇಳಿಕೊಡುವುದೇ ಈ ವೃತ್ತಿಯ ತಿರುಳು.

ನಾನು ಇದೇ ಕಾಲೇಜಿನ ಹಳೆಯ ವಿದ್ಯಾರ್ಥಿ. ಇಲ್ಲಿ ಅರ್ಥಶಾಸ್ತ್ರ, ಇತಿಹಾಸಗಳನ್ನು ಓದಿ ಬಿ.ಎ. ಮುಗಿಸಿದೆ. ಬಳಿಕ ಬೆಂಗಳೂರಿನಲ್ಲಿ ಕಂಪ್ಯೂಟರ್ ಡಿಪ್ಲೊಮಾ ಮಾಡಿ, ಕೆಲವು ವರ್ಷ ದುಡಿದು, ೨೦೧೩ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿಗೆ ಹೋದೆ. ೨೦೧೯ರಿಂದ ಅಲ್ಲಿ ಈ ವೃತ್ತಿಯನ್ನು ಸ್ವತಂತ್ರವಾಗಿ ನಡೆಸುತ್ತಿದ್ದೇನೆ. ಕಳೆದ ಬಾರಿ ಊರಿಗೆ ಬಂದಾಗ ಕಾಲೇಜಿನ ಕೆಲವು ವಿದ್ಯಾರ್ಥಿಮಿತ್ರರು, “ಕಲಾ ವಿಭಾಗದಲ್ಲಿ ಓದಿದವರಿಗೂ ಇದು ಸಾಧ್ಯವೇ? ಪರದೇಶದಲ್ಲಿ ನಮ್ಮವರನ್ನು ನಂಬಿ ಯಾರು ಕೆಲಸ ಕೊಡುತ್ತಾರೆ?” ಎಂದು ಕೇಳಿದರು. ಆ ಎರಡು ಪ್ರಶ್ನೆಗಳಿಗೆ ಕ್ರಮವಾಗಿ ಉತ್ತರ ಹೇಳುವುದು ಈ ಲೇಖನದ ಉದ್ದೇಶ. ನಾನು ಹೇಳಬೇಕಾದುದನ್ನು ಒಂದೇ ಮಾತಿನಲ್ಲಿ ಹೇಳುವುದಾದರೆ: ಈ ವೃತ್ತಿಗೆ ಜಾಣತನ ಬೇಕು, ನಿಜ, ಆದರೆ ಅದಕ್ಕಿಂತ ಮೊದಲು ಅಪ್ಪಣೆ ಬೇಕು. ದೇಶದ ಅಪ್ಪಣೆ, ಗಿರಾಕಿಯ ಅಪ್ಪಣೆ ಎಂದು ಅದು ಎರಡು ಬಗೆ. ಎರಡೂ ಕಾಗದದ ಮೇಲೆ ಇರತಕ್ಕವು. ನಂಬಿಕೆ ಎಂಬುದು ಇವುಗಳ ಮೇಲೆ ನಿಧಾನವಾಗಿ ಬೆಳೆಯುವ ಗಿಡ.

ಕೆಲಸದ ಸ್ವರೂಪ

ಈ ಕೆಲಸ ಏಕೆ ಬೇಕಾಯಿತು ಎಂಬುದಕ್ಕೆ ಒಂದು ಉದಾಹರಣೆ ಸಾಕು. ೨೦೧೭ರ ಮೇ ೧೨ರಂದು ‘ವಾನಾಕ್ರೈ’ ಎಂಬ ಪೀಡೆ ಜಗತ್ತಿನ ಅನೇಕ ದೇಶಗಳ ಕಂಪ್ಯೂಟರುಗಳಿಗೆ ಹಬ್ಬಿತು. ಅದು ಯಂತ್ರದೊಳಗಿನ ಕಡತಗಳನ್ನೆಲ್ಲ ಬೀಗ ಹಾಕಿದಂತೆ ಮುಚ್ಚಿ, ಬಿಡಿಸಿಕೊಳ್ಳಲು ಹಣ ಕೇಳುತ್ತಿತ್ತು. ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ವ್ಯವಸ್ಥೆಯ ೨೩೬ ಆಸ್ಪತ್ರೆ ಟ್ರಸ್ಟುಗಳಲ್ಲಿ ಕಡಮೆಯೆಂದರೂ ೮೦ ಟ್ರಸ್ಟುಗಳ ಕೆಲಸ ಕೆಟ್ಟಿತು. ೧೯,೦೦೦ಕ್ಕೂ ಹೆಚ್ಚು ರೋಗಿಗಳ ಭೇಟಿ ಮತ್ತು ಚಿಕಿತ್ಸೆಗಳು ರದ್ದಾದುವೆಂದು ಅಲ್ಲಿನ ರಾಷ್ಟ್ರೀಯ ಲೆಕ್ಕಪರಿಶೋಧನ ಕಚೇರಿಯ ವರದಿ ಅಂದಾಜು ಮಾಡಿತು. ಇಲ್ಲಿ ಗಮನಿಸತಕ್ಕ ಸಂಗತಿಯೇನೆಂದರೆ, ಆ ಪೀಡೆ ಒಳಹೊಕ್ಕ ಕಿಂಡಿಯನ್ನು ಮುಚ್ಚುವ ತೇಪೆಯನ್ನು ಮೈಕ್ರೋಸಾಫ್ಟ್ ಸಂಸ್ಥೆ ಅದೇ ವರ್ಷದ ಮಾರ್ಚ್ ತಿಂಗಳಲ್ಲಿಯೇ ಬಿಡುಗಡೆ ಮಾಡಿತ್ತು. ಔಷಧ ಎರಡು ತಿಂಗಳು ಮೊದಲೇ ಸಿದ್ಧವಾಗಿತ್ತು; ಅದನ್ನು ಹಚ್ಚಬೇಕೆಂದು ಬಿಡದೆ ನೆನಪಿಸುವವರು ಎಷ್ಟೋ ಕಡೆ ಇರಲಿಲ್ಲ. ನಮ್ಮ ವೃತ್ತಿಯ ಬಹುಪಾಲು ಕೆಲಸ ಇಂಥ ನೆನಪಿಸುವಿಕೆಯೇ. ಸಿನಿಮಾದಲ್ಲಿ ತೋರಿಸುವಂತೆ ಕತ್ತಲ ಕೋಣೆಯಲ್ಲಿ ಕುಳಿತು ಕೀಲಿಮಣೆ ಕುಟ್ಟುವುದು ಅದರ ಒಂದು ಚಿಕ್ಕ ಪಾಲು.

ಸ್ವತಂತ್ರ ಸಲಹೆಗಾರನಿಗೆ ಸಾಮಾನ್ಯವಾಗಿ ನಾಲ್ಕು ಬಗೆಯ ಕೆಲಸ ಬರುತ್ತದೆ. ಮೊದಲನೆಯದು ಪೆನ್ ಟೆಸ್ಟ್. ಎಂದರೆ ಗಿರಾಕಿಯ ಒಪ್ಪಿಗೆಯಿಂದ, ಕಳ್ಳನು ಪ್ರಯತ್ನಿಸುವ ರೀತಿಯಲ್ಲಿಯೇ ಆತನ ವ್ಯವಸ್ಥೆಯೊಳಕ್ಕೆ ನುಗ್ಗಿ ನೋಡುವುದು. ಎರಡನೆಯದು ಪರಿಶೀಲನೆ; ಯಾರಿಗೆ ಯಾವ ಕಡತ ತೆರೆಯುವ ಅಧಿಕಾರವಿದೆ, ಪ್ರತಿಗಳನ್ನು ಎಲ್ಲಿ ಇಟ್ಟಿದ್ದಾರೆ, ಕೆಲಸ ಬಿಟ್ಟುಹೋದವರ ಖಾತೆಗಳನ್ನು ಮುಚ್ಚಿದ್ದಾರೆಯೇ ಎಂದು ಪಟ್ಟಿ ಹಿಡಿದು ನೋಡುವುದು. ಮೂರನೆಯದು ನೌಕರರಿಗೆ ತಿಳಿವಳಿಕೆ ಕೊಡುವುದು. ನಾಲ್ಕನೆಯದು, ಅನಾಹುತ ಆಗಿಹೋದಮೇಲೆ ಕರೆಬಂದಾಗ ಓಡಿಹೋಗುವುದು. ಈ ನಾಲ್ಕರಲ್ಲಿ ಮೊದಲನೆಯದಕ್ಕೆ ಹೆಸರು ಹೆಚ್ಚು. ಎರಡನೆಯದರಿಂದ ಗಿರಾಕಿಗೆ ಉಪಯೋಗ ಹೆಚ್ಚು.

ದೇಶದ ಅಪ್ಪಣೆ

ಪರನಾಡಿಗೆ ಹೋದವನು ಮನಸ್ಸು ಬಂದ ದಿನ ಸಂಬಳದ ಕೆಲಸ ಬಿಟ್ಟು ಸ್ವಂತ ವೃತ್ತಿ ಹಿಡಿಯುವಂತಿಲ್ಲ. ಬ್ರಿಟನ್ನಿಗೆ ನಮ್ಮಂಥವರು ಹೋಗುವುದು ಹೆಚ್ಚಾಗಿ ನೌಕರಿಯ ಪರವಾನಗಿಯ ಮೇಲೆ. ನಾನು ಹೋದಾಗ ಅದಕ್ಕೆ ‘ಟಿಯರ್ ೨’ ಎಂದು ಹೆಸರಿತ್ತು; ೨೦೨೦ರ ಡಿಸೆಂಬರಿನಲ್ಲಿ ಅದರ ಸ್ಥಾನಕ್ಕೆ ‘ಸ್ಕಿಲ್ಡ್ ವರ್ಕರ್’ ಪರವಾನಗಿ ಬಂತು. ಹೆಸರು ಯಾವುದಾದರೂ ಅದು ಕರೆಸಿಕೊಂಡ ಸಂಸ್ಥೆಗೆ ಕಟ್ಟಿಹಾಕಿದ ಪರವಾನಗಿ. ಆ ಕೆಲಸ ಹೋದರೆ, ಸಾಮಾನ್ಯವಾಗಿ ೬೦ ದಿನಗಳೊಳಗೆ ಬೇರೊಬ್ಬ ಧಣಿಯನ್ನೋ ಬೇರೊಂದು ಬಗೆಯ ಪರವಾನಗಿಯನ್ನೋ ಹುಡುಕಿಕೊಳ್ಳಬೇಕು. ಇಲ್ಲವಾದರೆ ಮನೆಮಂದಿಯೊಡನೆ ದೇಶ ಬಿಡಬೇಕು. ಅಂಥ ಪರವಾನಗಿಯಲ್ಲಿದ್ದುಕೊಂಡು ಸ್ವಂತ ಸಲಹೆಗಾರಿಕೆಯ ಫಲಕ ಹಾಕುವುದು ನೇಣಿಗೆ ತಾನೇ ಕೊರಳು ಕೊಟ್ಟಂತೆ.

ಹೊಸ ಉದ್ಯಮ ಹೂಡುವವರಿಗೆಂದು ೨೦೨೩ರ ಏಪ್ರಿಲಿನಲ್ಲಿ ‘ಇನ್ನೊವೇಟರ್ ಫೌಂಡರ್’ ಎಂಬ ಬೇರೆಯ ಪರವಾನಗಿ ಬಂತು. ಅದಕ್ಕೆ ಸರಕಾರ ಒಪ್ಪಿದ ಸಂಸ್ಥೆಯೊಂದರ ಮನ್ನಣೆ ಬೇಕು; ಉದ್ಯಮದ ಕಲ್ಪನೆ ಹೊಸದಾಗಿರಬೇಕು, ಬೆಳೆಯಬಲ್ಲದ್ದಾಗಿರಬೇಕು. ಒಬ್ಬನೇ ಕುಳಿತು ಸಲಹೆ ಹೇಳುವ ನಮ್ಮ ವೃತ್ತಿ ಆ ಅಳತೆಗೆ ಸುಲಭವಾಗಿ ಒಗ್ಗುವಂಥದಲ್ಲ. ಆದುದರಿಂದ ನಾನು ಹಿಡಿದದ್ದು ನಿಧಾನದ ದಾರಿ. ಐದು ವರ್ಷ ಒಂದೇ ಸಂಸ್ಥೆಯಲ್ಲಿ ದುಡಿದು, ೨೦೧೮ರಲ್ಲಿ ಖಾಯಂ ವಾಸದ ಹಕ್ಕು ಕೈಗೆ ಬಂದಮೇಲೆ ಮಾತ್ರ ಸ್ವತಂತ್ರ ವೃತ್ತಿಯ ಮಾತೆತ್ತಿದೆ. ಇಂದು ಹೊರಡುವವರು ನನ್ನ ಐದು ವರ್ಷದ ಲೆಕ್ಕವನ್ನು ನೆಚ್ಚಬಾರದು. ಆ ಅವಧಿಯನ್ನು ಸಾಮಾನ್ಯವಾಗಿ ಹತ್ತು ವರ್ಷಕ್ಕೆ ಏರಿಸುವ ಯೋಚನೆಯನ್ನು ಅಲ್ಲಿನ ಸರಕಾರ ೨೦೨೫ರ ಮೇ ತಿಂಗಳ ಶ್ವೇತಪತ್ರದಲ್ಲಿ ಮುಂದಿಟ್ಟಿತು. ಹೊರಡುವ ದಿನದ ನಿಯಮವನ್ನು ಸರಕಾರದ ಪ್ರಕಟಣೆಯಲ್ಲಿಯೇ ಓದಿ ತಿಳಿಯತಕ್ಕದ್ದು, ದಲ್ಲಾಳಿಯ ಮಾತಿನಿಂದಲ್ಲ.

ಆ ಐದು ವರ್ಷಗಳು ವ್ಯರ್ಥವಾದುವೆಂದು ಯಾರೂ ಭಾವಿಸಬೇಕಾಗಿಲ್ಲ. ಆ ದೇಶದ ಕಚೇರಿಗಳು ಹೇಗೆ ನಡೆಯುತ್ತವೆ, ಒಬ್ಬ ಅಧಿಕಾರಿ ‘ನೋಡೋಣ’ ಎಂದರೆ ಅದರ ಅರ್ಥವೇನು, ಬಿಲ್ಲು ಯಾರ ಮೇಜಿನ ಮೇಲೆ ನಿಲ್ಲುತ್ತದೆ ಎಂಬುದೆಲ್ಲ ನೌಕರನಾಗಿದ್ದಾಗ ಸಂಬಳ ಪಡೆದುಕೊಂಡೇ ಕಲಿಯಬಹುದಾದ ಪಾಠ. ಸ್ವತಂತ್ರನಾದಮೇಲೆ ಅದೇ ಪಾಠವನ್ನು ಕೈಯಿಂದ ದುಡ್ಡು ಕೊಟ್ಟು ಕಲಿಯಬೇಕಾಗುತ್ತದೆ.

ಸಂಸ್ಥೆಯ ರಚನೆ, ಹಣದ ಲೆಕ್ಕ

ಬ್ರಿಟನ್ನಿನಲ್ಲಿ ಒಬ್ಬನೇ ವೃತ್ತಿ ನಡೆಸಲು ಮುಖ್ಯವಾಗಿ ಎರಡು ದಾರಿಗಳಿವೆ. ಸ್ವಂತ ಹೆಸರಿನಲ್ಲಿ ವೃತ್ತಿ ನಡೆಸುವುದು ಒಂದು. ಲಿಮಿಟೆಡ್ ಕಂಪೆನಿ ಮಾಡಿಕೊಳ್ಳುವುದು ಇನ್ನೊಂದು. ಮೊದಲನೆಯದು ಸುಲಭ. ಆದರೆ ವೃತ್ತಿಯ ಸಾಲವೆಲ್ಲ ಮನೆಯ ಸಾಲವಾಗುತ್ತದೆ. ಎರಡನೆಯದರಲ್ಲಿ ಕಂಪೆನಿಯೇ ಬೇರೆ ವ್ಯಕ್ತಿ, ಅದರ ಒಡೆಯನೇ ಬೇರೆ ವ್ಯಕ್ತಿ. ವಾಣಿಜ್ಯ ಕಾನೂನು ಓದಿದವರಿಗೆ ೧೮೯೭ರ ಸಾಲೊಮನ್ ಮೊಕದ್ದಮೆ ಗೊತ್ತಿರುತ್ತದೆ. ಬೂಟು ಮಾಡುವ ವ್ಯಾಪಾರಿಯೊಬ್ಬ ತನ್ನ ಅಂಗಡಿಯನ್ನು ಕಂಪೆನಿಯಾಗಿ ಮಾಡಿ, ೨೦,೦೦೭ ಷೇರುಗಳಲ್ಲಿ ೨೦,೦೦೧ನ್ನು ತಾನೇ ಇಟ್ಟುಕೊಂಡಿದ್ದ. ಉಳಿದ ಆರು ಅವನ ಹೆಂಡತಿ ಮಕ್ಕಳ ಹೆಸರಿನಲ್ಲಿದ್ದುವು. ಕಂಪೆನಿ ಮುಳುಗಿದಾಗ ಅದರ ಸಾಲ ಅವನ ತಲೆಯ ಮೇಲೆ ಬರುವುದಿಲ್ಲವೆಂದು ಹೌಸ್ ಆಫ್ ಲಾರ್ಡ್ಸ್ ತೀರ್ಪು ಕೊಟ್ಟಿತು. ಅಂದಿನ ಬೂಟಿನ ವ್ಯಾಪಾರಿಗೆ ಸಿಕ್ಕ ಆ ಆಸರೆ ಇಂದಿನ ಕಂಪ್ಯೂಟರ್ ಸಲಹೆಗಾರನಿಗೂ ಸಿಕ್ಕುತ್ತದೆ. ನಾನು ಕಂಪೆನಿ ನೋಂದಾಯಿಸಿದಾಗ ಅಂತರಜಾಲದ ಮೂಲಕ ಕಟ್ಟಬೇಕಾಗಿದ್ದ ಶುಲ್ಕ ಕೇವಲ ೧೨ ಪೌಂಡು. ೨೦೨೪ರ ಮೇ ತಿಂಗಳಲ್ಲಿ ಅದನ್ನು ೫೦ ಪೌಂಡಿಗೆ ಏರಿಸಿದರು. ಆ ನೋಂದಣಿಯ ದಫ್ತರವನ್ನು ಯಾರು ಬೇಕಾದರೂ ಹಣ ಕೊಡದೆ ತೆಗೆದು ನೋಡಬಹುದು. ಪರದೇಶಿಯ ಹೆಸರನ್ನು ಮೊದಲ ಸಲ ಕೇಳಿದ ಗಿರಾಕಿ ಮಾಡುವ ಮೊದಲ ಕೆಲಸವೇ ಅದು.

ತೆರಿಗೆಯ ವಿಷಯದಲ್ಲಿ ಹೊಸಬರು ಎಚ್ಚರವಾಗಿರಬೇಕಾದ ನಿಯಮವೊಂದಿದೆ; ಅದನ್ನು ಅಲ್ಲಿ ‘ಐ ಆರ್ ೩೫’ ಎನ್ನುತ್ತಾರೆ. ೨೦೦೦ದ ಏಪ್ರಿಲಿನಿಂದ ಜಾರಿಗೆ ಬಂದ ಈ ನಿಯಮದ ತಾತ್ಪರ್ಯ ಸರಳ. ಹೆಸರಿಗೆ ಸ್ವತಂತ್ರ, ನಿಜದಲ್ಲಿ ಒಬ್ಬನೇ ಧಣಿಯ ಕೈಕೆಳಗೆ ಅವನು ಹೇಳಿದ ಹೊತ್ತಿಗೆ ಹೇಳಿದ ಕೆಲಸ ಮಾಡುವುದಾದರೆ, ತೆರಿಗೆಯನ್ನೂ ನೌಕರನಂತೆಯೇ ಕೊಡಬೇಕು. ಯಾರು ನೌಕರ, ಯಾರು ಸ್ವತಂತ್ರ ಎಂದು ತೀರ್ಮಾನಿಸುವ ಹೊಣೆ ೨೦೧೭ರಲ್ಲಿ ಸರಕಾರಿ ಕಚೇರಿಗಳಿಗೂ, ೨೦೨೧ರಲ್ಲಿ ದೊಡ್ಡ ಮತ್ತು ಮಧ್ಯಮ ಖಾಸಗಿ ಸಂಸ್ಥೆಗಳಿಗೂ ಹೋಯಿತು. ಈ ನಿಯಮವನ್ನು ಬಯ್ಯುವವರು ಬಹಳ. ನನಗಂತೂ ಅದರಲ್ಲಿ ಒಂದು ನೀತಿ ಕಾಣುತ್ತದೆ. ಒಬ್ಬನೇ ಗಿರಾಕಿಯನ್ನು ನಂಬಿಕೊಂಡವನು ಸ್ವತಂತ್ರನಲ್ಲ. ಅವನು ರಜೆಯೂ ಪಿಂಚಣಿಯೂ ಇಲ್ಲದ ನೌಕರ.

ಹಣದ ಮಾತನ್ನು ಮುಚ್ಚಿಡಬೇಕಾಗಿಲ್ಲ. ಕೆಲಸ ಬಿಡುವ ಯೋಚನೆಯನ್ನು ಫೋನಿನಲ್ಲಿ ತಿಳಿಸಿದಾಗ ನನ್ನ ತಾಯಿ, “ಅಲ್ಲಪ್ಪ, ತಿಂಗಳಾ ತಿಂಗಳಾ ಬರೋ ಸಂಬಳ ಬಿಟ್ಟು ಪರದೇಶದಲ್ಲಿ ಅಂಗಡಿ ಇಡ್ತೀಯಾ? ಗಿರಾಕಿ ಬರದೇ ಹೋದರೆ ಮಗೂಗೆ ಹಾಲಿಗೇನು ಮಾಡ್ತೀಯ?” ಎಂದು ಕೇಳಿದರು. ಅರ್ಥಶಾಸ್ತ್ರದ ಯಾವ ಗ್ರಂಥವೂ ಇದಕ್ಕಿಂತ ಸರಿಯಾದ ಪ್ರಶ್ನೆ ಕೇಳಲಾರದು. ಅದಕ್ಕೆ ನನ್ನ ಉತ್ತರ, ಎಂಟು ತಿಂಗಳ ಮನೆಖರ್ಚನ್ನು ಬೇರೆ ಖಾತೆಯಲ್ಲಿಟ್ಟು ಅದನ್ನು ಮುಟ್ಟದಿರುವುದು. ಮೊದಲ ವರ್ಷ ನನಗೆ ದೊರೆತ ಗಿರಾಕಿಗಳು ಐದು ಮಂದಿ. ಬಿಲ್ಲು ಕಳಿಸಿದ ದಿನಕ್ಕೂ ದುಡ್ಡು ಬರುವ ದಿನಕ್ಕೂ ನಡುವೆ ೩೦ ದಿನ ಎಂದು ಕರಾರಿನಲ್ಲಿ ಬರೆದಿದ್ದರೂ ೬೦ ದಿನವಾದದ್ದುಂಟು. ತಡವಾದ ಬಾಕಿಯ ಮೇಲೆ ಬ್ಯಾಂಕ್ ಆಫ್ ಇಂಗ್ಲೆಂಡಿನ ದರಕ್ಕಿಂತ ಶೇಕಡ ೮ರಷ್ಟು ಹೆಚ್ಚು ಬಡ್ಡಿ ಕೇಳುವ ಹಕ್ಕನ್ನು ೧೯೯೮ರ ಕಾಯಿದೆ ಕೊಟ್ಟಿದೆ. ಹಕ್ಕು ಇದೆಯೆಂದು ಮೊದಲ ಗಿರಾಕಿಯ ಮೇಲೆಯೇ ಅದನ್ನು ಚಲಾಯಿಸಿದರೆ ಎರಡನೆಯ ಗಿರಾಕಿ ಬರುವುದು ಕಷ್ಟ. ಆದುದರಿಂದ ಕಾಯಿದೆಗಿಂತ ಮೊದಲು ಉಳಿತಾಯವನ್ನು ನೆಚ್ಚುವುದು ಲೇಸು.

ಇದರ ಜೊತೆಗೆ ವೃತ್ತಿ ಹೊಣೆಯ ವಿಮೆ ಇಲ್ಲದೆ ಒಂದು ಹೆಜ್ಜೆಯನ್ನೂ ಇಡಬಾರದು. ಪರೀಕ್ಷೆಯ ವೇಳೆಯಲ್ಲಿ ಕಾರ್ಖಾನೆಯ ಯಂತ್ರವೊಂದು ನಿಂತುಹೋದರೆ ಆಗುವ ನಷ್ಟ ಸಲಹೆಗಾರನ ಹತ್ತು ವರ್ಷದ ಸಂಪಾದನೆಯನ್ನೂ ಮೀರಬಹುದು. ವಿಮೆಯ ಪತ್ರ ತೋರಿಸದೆ ಮಾತುಕತೆಗೇ ಕೂರದ ಗಿರಾಕಿಗಳಿದ್ದಾರೆ. ಅವರ ಪದ್ಧತಿ ಸರಿಯಾದದ್ದೇ.

ಗಿರಾಕಿಯ ಅಪ್ಪಣೆ

ಈಗ ಮುಖ್ಯವಾದ ಮಾತಿಗೆ ಬರೋಣ. ಮನೆಯ ಹೆಂಚು ಸಡಿಲವಾಗಿದೆಯೇ ಎಂದು ನೋಡಲು ಬಂದವನೂ ಹೆಂಚು ತೆಗೆದು ಇಳಿಯುವವನೂ ಮಾಡಿನ ಮೇಲೆ ನಡೆಯುವ ರೀತಿ ಒಂದೇ. ಅವರಿಬ್ಬರ ಕೈಯಲ್ಲಿರುವ ಉಪಕರಣಗಳೂ ಒಂದೇ. ವ್ಯತ್ಯಾಸವಿರುವುದು ಮನೆಯೊಡೆಯನ ಒಪ್ಪಿಗೆಯಲ್ಲಿ. ಕಂಪ್ಯೂಟರಿನ ವಿಷಯದಲ್ಲಿ ಈ ವ್ಯತ್ಯಾಸವನ್ನು ಬ್ರಿಟನ್ನಿನ ಕಾನೂನು ಕಂಡುಕೊಂಡ ಬಗೆ ಇತಿಹಾಸದ ವಿದ್ಯಾರ್ಥಿಗಳಿಗೂ ಸ್ವಾರಸ್ಯವಾಗಿ ತೋರಬಹುದು.

ಅಲ್ಲಿ ೧೯೮೦ರ ದಶಕದಲ್ಲಿ ‘ಪ್ರೆಸ್ಟೆಲ್’ ಎಂಬ ಸಾರ್ವಜನಿಕ ಮಾಹಿತಿಸೇವೆ ಇತ್ತು. ರಾಬರ್ಟ್ ಶಿಫ್ರೀನ್, ಸ್ಟೀವನ್ ಗೋಲ್ಡ್ ಎಂಬಿಬ್ಬರು ಅದರೊಳಕ್ಕೆ ಹೊಕ್ಕು, ರಾಣಿಯವರ ಪತಿ ರಾಜಕುಮಾರ ಫಿಲಿಪರ ಅಂಚೆಪೆಟ್ಟಿಗೆಯವರೆಗೂ ಹೋದರು. ಅವರಿಗೆ ದಾರಿ ತೆರೆದುಕೊಟ್ಟ ಪಾಸ್‌ವರ್ಡ್ ‘೧೨೩೪’ ಎಂಬುದು! ೧೯೮೬ರಲ್ಲಿ ಅವರಿಗೆ ಶಿಕ್ಷೆಯಾಯಿತು. ಆದರೆ ಆಗ ಇದ್ದುದು ಸುಳ್ಳು ದಸ್ತಾವೇಜು ಸೃಷ್ಟಿಸುವವರಿಗಾಗಿ ಮಾಡಿದ ೧೯೮೧ರ ಕಾಯಿದೆ ಮಾತ್ರ. ಕಂಪ್ಯೂಟರಿಗೆ ಇನ್ನೊಬ್ಬರ ಗುಟ್ಟಿನ ಸಂಖ್ಯೆ ಕೊಡುವುದು ಸುಳ್ಳು ದಸ್ತಾವೇಜು ಆಗುವುದಿಲ್ಲವೆಂದು ಮೇಲಿನ ನ್ಯಾಯಾಲಯ ಆ ಶಿಕ್ಷೆಯನ್ನು ರದ್ದು ಮಾಡಿತು. ೧೯೮೮ರಲ್ಲಿ ಹೌಸ್ ಆಫ್ ಲಾರ್ಡ್ಸ್ ಅದನ್ನೇ ಎತ್ತಿಹಿಡಿಯಿತು. ಕಾನೂನಿನ ಈ ಬಿರುಕನ್ನು ಮುಚ್ಚಲು ಬಂದದ್ದು ೧೯೯೦ರ ಕಂಪ್ಯೂಟರ್ ದುರುಪಯೋಗ ಕಾಯಿದೆ. ಅದರ ಒಂದನೆಯ ಕಲಮಿನಂತೆ, ಅಪ್ಪಣೆಯಿಲ್ಲವೆಂದು ತಿಳಿದೂ ಇನ್ನೊಬ್ಬರ ಕಂಪ್ಯೂಟರಿನೊಳಕ್ಕೆ ಪ್ರವೇಶಿಸುವುದೇ ಅಪರಾಧ. ಏನನ್ನೂ ಕದಿಯಬೇಕಾಗಿಲ್ಲ, ಏನನ್ನೂ ಕೆಡಿಸಬೇಕಾಗಿಲ್ಲ. ಮೊದಲು ಆರು ತಿಂಗಳಿದ್ದ ಇದರ ಗರಿಷ್ಠ ಸೆರೆವಾಸವನ್ನು ೨೦೦೬ರ ತಿದ್ದುಪಡಿ ಎರಡು ವರ್ಷಕ್ಕೆ ಏರಿಸಿತು. ‘ನಾನು ಒಳ್ಳೆಯದಕ್ಕೇ ನೋಡಿದೆ’ ಎಂಬ ವಾದಕ್ಕೆ ಆ ಕಲಮು ಜಾಗ ಇಟ್ಟಿರಲಿಲ್ಲ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಅಪ್ಪಣೆಯ ಪತ್ರ ಕೈಯಲ್ಲಿದ್ದರೆ ಸಾಕೇ? ಸಾಲದು, ಅದನ್ನು ಕೊಟ್ಟವನಿಗೆ ಕೊಡುವ ಅಧಿಕಾರವಿರಬೇಕು. ಅಮೆರಿಕದ ಅಯೋವಾ ರಾಜ್ಯದಲ್ಲಿ ೨೦೧೯ರ ಸೆಪ್ಟೆಂಬರಿನಲ್ಲಿ ನಡೆದ ಪ್ರಸಂಗ ಇದಕ್ಕೆ ನಿದರ್ಶನ. ರಾಜ್ಯದ ನ್ಯಾಯಾಂಗ ಆಡಳಿತವು ಭದ್ರತೆಯ ಪರೀಕ್ಷೆಗೆಂದು ಸಂಸ್ಥೆಯೊಂದನ್ನು ನೇಮಿಸಿತ್ತು. ಅದರ ಇಬ್ಬರು ಪರೀಕ್ಷಕರು ಒಂದು ರಾತ್ರಿ ಡಾಲಸ್ ಕೌಂಟಿಯ ನ್ಯಾಯಾಲಯದ ಕಟ್ಟಡವನ್ನು ಪ್ರವೇಶಿಸಿದರು. ಎಚ್ಚರಿಕೆಯ ಗಂಟೆ ಮೊಳಗಿತು, ಪೊಲೀಸರು ಬಂದರು. ಪರೀಕ್ಷಕರು ಅಪ್ಪಣೆಯ ಪತ್ರ ತೋರಿಸಿದರು. ಆದರೆ ಕಟ್ಟಡ ಕೌಂಟಿಯದು, ಪತ್ರ ರಾಜ್ಯದ್ದು! ರಾಜ್ಯಕ್ಕೆ ಆ ಅಧಿಕಾರವಿಲ್ಲವೆಂದು ಕೌಂಟಿಯ ಅಧಿಕಾರಿ ಪಟ್ಟುಹಿಡಿದುದರಿಂದ ಇಬ್ಬರೂ ಸೆರೆಮನೆಗೆ ಹೋಗಬೇಕಾಯಿತು. ಕಳ್ಳತನದ ಆರೋಪವನ್ನೂ ಹೊರಬೇಕಾಯಿತು. ೨೦೨೦ರ ಜನವರಿಯಲ್ಲಿ ಆರೋಪಗಳನ್ನು ಕೈಬಿಟ್ಟರು. ತಮ್ಮ ಕೆಲಸವನ್ನೇ ಮಾಡಿದ ಇಬ್ಬರು ನಾಲ್ಕು ತಿಂಗಳು ಆರೋಪಿಗಳಾಗಿ ಬಾಳಬೇಕಾದುದು ಯಾವ ಪಠ್ಯಪುಸ್ತಕಕ್ಕಿಂತಲೂ ಚೆನ್ನಾಗಿ ನಮಗೆ ಪಾಠ ಹೇಳುತ್ತದೆ.

ಅವರು ಸ್ವದೇಶದಲ್ಲಿದ್ದರು. ಅದೇ ಆರೋಪ ಪರದೇಶಿಯ ಮೇಲೆ ಬಂದರೆ ವಾಸದ ಹಕ್ಕಿಗೂ ಸಂಚಕಾರ ಬರಬಹುದು. ಆದುದರಿಂದ ನನ್ನ ಕರಾರಿನ ಒಕ್ಕಣೆಯಲ್ಲಿ ಕೆಲವು ಸಂಗತಿಗಳು ತಪ್ಪದೆ ಇರುತ್ತವೆ. ಯಾವ ಯಾವ ಯಂತ್ರ, ಯಾವ ಯಾವ ವಿಳಾಸ, ಯಾವುದನ್ನು ಮುಟ್ಟಕೂಡದು, ಯಾವ ದಿನದಿಂದ ಯಾವ ದಿನದವರೆಗೆ, ಯಾವ ಹೊತ್ತಿನಲ್ಲಿ, ಏನಾದರೂ ಕೆಟ್ಟರೆ ನಡುರಾತ್ರಿಯಲ್ಲೂ ಯಾರಿಗೆ ಫೋನು ಮಾಡಬೇಕು, ಕಣ್ಣಿಗೆ ಬಿದ್ದ ಗುಟ್ಟಿನ ಕಾಗದಗಳನ್ನು ಯಾವಾಗ ನಾಶಮಾಡಬೇಕು. ಕೊನೆಗೆ, ರುಜು ಹಾಕುವ ಅಧಿಕಾರ ಉಳ್ಳವರ ರುಜು. ಸಣ್ಣ ಸಂಸ್ಥೆಯೊಂದರ ಮಾಲೀಕರು ಒಮ್ಮೆ, “ನನ್ನ ಅಂಗಡಿಯ ಜಾಲತಾಣ ನನ್ನದೇ, ಇವತ್ತೇ ಶುರುಮಾಡಿ” ಎಂದರು. ಜಾಲತಾಣ ಅವರದೇ, ನಿಜ. ಆದರೆ ಅದು ಕುಳಿತಿದ್ದ ಯಂತ್ರ ಬೇರೊಂದು ಸಂಸ್ಥೆಯದು. ಅದರಲ್ಲಿ ಬೇರೆ ಗಿರಾಕಿಗಳ ತಾಣಗಳೂ ಇದ್ದುವು. ಆ ಸಂಸ್ಥೆಯ ಒಪ್ಪಿಗೆ ಬರಲು ಹನ್ನೆರಡು ದಿನ ಹಿಡಿಯಿತು. ಹನ್ನೆರಡು ದಿನವೂ ನಾನು ಕೈಕಟ್ಟಿ ಕುಳಿತಿದ್ದೆ.

ಬೇಡವೆನ್ನಬೇಕಾದ ಕೆಲಸಗಳೂ ಬರುತ್ತವೆ. ಹೆಂಡತಿಯ ಫೋನಿನೊಳಗೆ ಏನಿದೆಯೆಂದು ನೋಡಿಕೊಡಿ ಎಂದು ಗಂಡ ಕೇಳುವುದುಂಟು. ಎದುರು ಅಂಗಡಿಯವನ ಬೆಲೆಪಟ್ಟಿ ತೆಗೆದುಕೊಡಿ ಎಂದು ವ್ಯಾಪಾರಿ ಕೇಳುವುದುಂಟು. ಗಿರಾಕಿಗಳು ವಿರಳವಾಗಿದ್ದ ಮೊದಲ ವರ್ಷದಲ್ಲಿಯೇ ಇಂಥ ಎರಡು ಕರೆಗಳು ನನಗೆ ಬಂದುವು; ಒಬ್ಬರಂತೂ ಎರಡು ತಿಂಗಳ ಮನೆಖರ್ಚಿಗೆ ಸಾಲುವಷ್ಟು ಹಣದ ಮಾತಾಡಿದರು. ಎರಡನ್ನೂ ಒಲ್ಲೆನೆಂದೆ. ಈ ವೃತ್ತಿಯಲ್ಲಿ ಗಿರಾಕಿ ಕೊಳ್ಳುವುದು ನಮ್ಮ ಕೈಚಳಕವನ್ನಲ್ಲ, ನಾವು ಬೀಗದ ಕೈಯನ್ನು ತಿರುಗಿಸದೆ ಇರುವೆವೆಂಬ ಭರವಸೆಯನ್ನು.

ನಂಬಿಕೆಯ ಸಂಪಾದನೆ

ಅಪರಿಚಿತನಿಗೆ ಮನೆಯ ಬೀಗದ ಕೈ ಯಾರು ಕೊಡುತ್ತಾರೆ? ಅದೂ ಪರದೇಶದಲ್ಲಿ? ಇದು ನ್ಯಾಯವಾದ ಪ್ರಶ್ನೆ. ಊರಿನಲ್ಲಾದರೆ ‘ಇಂಥವರ ಮಗ’ ಎಂಬ ಒಂದು ಮಾತು ಸಾಕಾಗುತ್ತಿತ್ತು. ಅಲ್ಲಿ ಆ ಮಾತಿನ ಸ್ಥಾನವನ್ನು ತಕ್ಕಮಟ್ಟಿಗೆ ಪರೀಕ್ಷೆಗಳು ತುಂಬುತ್ತವೆ. ಸಿ.ಐ.ಎಸ್.ಎಸ್.ಪಿ. ಎಂಬ ಮನ್ನಣೆ ಪಡೆಯಲು ಪರೀಕ್ಷೆಯ ಜೊತೆಗೆ ಸಾಮಾನ್ಯವಾಗಿ ಐದು ವರ್ಷದ ಅನುಭವ ಬೇಕು. ಓ.ಎಸ್.ಸಿ.ಪಿ. ಎಂಬುದು ಸುಮಾರು ೨೪ ಗಂಟೆಗಳ ಕೈಕೆಲಸದ ಪರೀಕ್ಷೆ. ೨೦೦೬ರಲ್ಲಿ ಬ್ರಿಟನ್ನಿನಲ್ಲಿ ಹುಟ್ಟಿದ ‘ಕ್ರೆಸ್ಟ್’ ಸಂಸ್ಥೆ ಪರೀಕ್ಷಕರಿಗೂ ಅವರ ಕಂಪೆನಿಗಳಿಗೂ ಮನ್ನಣೆ ಕೊಡುತ್ತದೆ. ಈ ಕಾಗದಗಳು ಬಾಗಿಲವರೆಗೆ ಕರೆದೊಯ್ಯುತ್ತವೆ; ಒಳಕ್ಕೆ ಕರೆಯುವವರು ಬೇರೆ.

ಕೆಲವು ಬಾಗಿಲುಗಳು ಹೊಸಬರಿಗೆ ತೆರೆಯುವುದೇ ಇಲ್ಲ ಎಂಬುದನ್ನೂ ಹೇಳಬೇಕು. ಸರಕಾರದ ಗುಟ್ಟಿನ ವ್ಯವಸ್ಥೆಗಳನ್ನು ಮುಟ್ಟಲು ಬೇಕಾದ ಭದ್ರತಾ ತನಿಖೆಗೆ ಸಾಮಾನ್ಯವಾಗಿ ಐದು ವರ್ಷ ಆ ದೇಶದಲ್ಲಿ ವಾಸಿಸಿರಬೇಕೆಂದು ಕೇಳುತ್ತಾರೆ. ಇದನ್ನು ಅವಮಾನವೆಂದು ಬಗೆಯಬೇಕಾಗಿಲ್ಲ. ಹಾಗಾಗಿ ನಾನು ತಟ್ಟಿದ್ದು ಸಣ್ಣ ಬಾಗಿಲು. ೨೦೧೪ರ ಜೂನಿನಲ್ಲಿ ಬ್ರಿಟಿಷ್ ಸರಕಾರ ‘ಸೈಬರ್ ಎಸೆನ್ಷಿಯಲ್ಸ್’ ಎಂಬ ಯೋಜನೆ ತಂದಿತು. ಹೊರಗಿನ ಸಂಚಾರವನ್ನು ತಡೆಯುವ ಗೋಡೆ, ಯಂತ್ರಗಳ ಸರಿಯಾದ ಜೋಡಣೆ, ಯಾರಿಗೆ ಯಾವ ಅಧಿಕಾರವೆಂಬ ಕಟ್ಟು, ವೈರಸ್ಸಿನಿಂದ ರಕ್ಷಣೆ, ಕಾಲಕಾಲಕ್ಕೆ ತೇಪೆ ಹಚ್ಚುವುದು, ಈ ಐದು ಅಂಶಗಳನ್ನು ಪಾಲಿಸಿದವರಿಗೆ ಪ್ರಮಾಣಪತ್ರ ಸಿಕ್ಕುತ್ತದೆ. ಅದೇ ವರ್ಷದ ಅಕ್ಟೋಬರಿನಿಂದ ಸರಕಾರದ ಕೆಲವು ಬಗೆಯ ಗುತ್ತಿಗೆಗಳಿಗೆ ಇದು ಅವಶ್ಯವಾಯಿತು. ಹತ್ತು ಹದಿನೈದು ಜನರ ಕಚೇರಿಗಳಿಗೆ ಈ ಪ್ರಮಾಣಪತ್ರ ಬೇಕು. ಅದನ್ನು ತಿಳಿಸಿ ಹೇಳುವವರು ಅವರಲ್ಲಿಲ್ಲ. ದೊಡ್ಡ ಸಲಹಾ ಸಂಸ್ಥೆಗಳಿಗೆ ಇಷ್ಟು ಸಣ್ಣ ಕೆಲಸ ಬೇಡ. ಒಬ್ಬಂಟಿಗನಿಗೆ ಜಾಗವಿರುವುದು ಇಲ್ಲಿ.

ನನ್ನ ಮೊದಲ ಗಿರಾಕಿ ಒಂಬತ್ತು ಜನರಿದ್ದ ಒಂದು ಲೆಕ್ಕಪತ್ರದ ಕಚೇರಿ. ಅಲ್ಲಿ ಮೂರು ದಿನ ಕೆಲಸ. ನಾಲ್ಕು ವರ್ಷದ ಹಿಂದೆ ಕೆಲಸ ಬಿಟ್ಟವರ ಖಾತೆಯೊಂದು ಇನ್ನೂ ತೆರೆದೇ ಇತ್ತು. ಗಿರಾಕಿಗಳ ತೆರಿಗೆಯ ಕಡತಗಳೆಲ್ಲ ಅದರಿಂದ ಕಾಣುತ್ತಿದ್ದುವು. ಅದನ್ನು ಮುಚ್ಚಿಸಿದ್ದಷ್ಟೇ ನಾನು ಅಲ್ಲಿ ಮಾಡಿದ ದೊಡ್ಡ ಕೆಲಸ. ಆದರೆ ಲೆಕ್ಕಪತ್ರದವರ ಮಾತನ್ನು ಊರಿನ ವ್ಯಾಪಾರಿಗಳು ನಂಬುತ್ತಾರೆ. ಮುಂದಿನ ನಾಲ್ವರಲ್ಲಿ ಮೂವರು ಗಿರಾಕಿಗಳು ಆ ಕಚೇರಿಯ ಹಿರಿಯರ ಒಂದು ಮಾತಿನಿಂದ ಬಂದವರು. ನಂಬಿಕೆ ಇರುವವರ ನೆರಳಿನಲ್ಲಿ ಮೊದಲು ನಿಲ್ಲಬೇಕು. ಆಮೇಲೆ ನಮಗೂ ನೆರಳು ಬೀಳುತ್ತದೆ.

ಕಲಾ ವಿಭಾಗದವರಿಗೆ ಏನು ಸ್ಥಾನ?

ಗಿರಾಕಿಗೆ ನಾವು ಕೊಡುವ ಸರಕು ಯಾವುದು? ಯಂತ್ರವಲ್ಲ, ತಂತ್ರವಲ್ಲ, ಒಂದು ವರದಿ. ಎಷ್ಟೇ ಚೆನ್ನಾಗಿ ಪರೀಕ್ಷೆ ಮಾಡಿದರೂ ಓದಿದವರಿಗೆ ತಿಳಿಯದಿದ್ದರೆ ಕಿಂಡಿ ಮುಚ್ಚುವುದಿಲ್ಲ. ಲೋಪಗಳನ್ನು ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಟ್ಟು ಅಳೆಯುವ ಸಿ.ವಿ.ಎಸ್.ಎಸ್. ಎಂಬ ಪದ್ಧತಿಯಿದೆ. ಆದರೆ ಮೂಲೆಯಲ್ಲಿ ಒಂಟಿಯಾಗಿ ಕುಳಿತ ಯಂತ್ರದ ೯ ಅಂಕದ ಲೋಪಕ್ಕಿಂತ, ಸಂಬಳದ ಪಟ್ಟಿಯಿರುವ ಯಂತ್ರದ ೫ ಅಂಕದ ಲೋಪ ಹೆಚ್ಚು ಅಪಾಯಕಾರಿಯಾಗಬಹುದು. ಈ ತಾರತಮ್ಯವನ್ನು ಅಂಕಿ ಹೇಳಲಾರದು, ಮನುಷ್ಯನೇ ಹೇಳಬೇಕು. ಏನು ಕಂಡಿತು, ಹೇಗೆ ಕಂಡಿತು, ಅದರಿಂದ ಯಾರಿಗೆ ಏನು ಹಾನಿ, ಯಾರು ಯಾವ ದಿನದೊಳಗೆ ಏನು ಮಾಡಬೇಕು ಎಂಬುದನ್ನು ಒಂದು ಪುಟದಲ್ಲಿ, ಕಂಪ್ಯೂಟರ್ ಅರಿಯದ ಮಾಲೀಕರಿಗೂ ತಿಳಿಯುವಂತೆ ಬರೆಯುವುದು ಸುಲಭದ ಕೆಲಸವಲ್ಲ. ಇತಿಹಾಸದ ತರಗತಿಯಲ್ಲಿ ನಮ್ಮ ಗುರುಗಳು, “ಆಧಾರ ಯಾವುದು? ಊಹೆ ಯಾವುದು? ಎರಡನ್ನೂ ಬೆರೆಸಬೇಡ” ಎಂದು ಉತ್ತರಪತ್ರಿಕೆಯ ಅಂಚಿನಲ್ಲಿ ಬರೆಯುತ್ತಿದ್ದರು. ಇಂದು ನಾನು ಬರೆಯುವ ಪ್ರತಿಯೊಂದು ವರದಿಗೂ ಅದೇ ನಿಯಮ.

ಹಾಗೆಂದು ತಾಂತ್ರಿಕ ವಿದ್ಯೆ ಬೇಡವೆಂದು ಅರ್ಥವಲ್ಲ. ಕಂಪ್ಯೂಟರುಗಳು ಒಂದರೊಡನೊಂದು ಮಾತಾಡುವ ಬಗೆ, ಲಿನಕ್ಸ್, ಒಂದಾದರೂ ಪ್ರೋಗ್ರಾಮಿಂಗ್ ಭಾಷೆ, ಇವನ್ನು ಶ್ರದ್ಧೆಯಿಂದ ಕಲಿಯಲೇಬೇಕು. ಅದಕ್ಕೆ ಕೆಲವು ವರ್ಷಗಳು ಹಿಡಿಯುತ್ತವೆ. ಅಭ್ಯಾಸಕ್ಕೆಂದೇ ಬೇಕೆಂತಲೇ ಲೋಪಗಳನ್ನಿಟ್ಟು ಮಾಡಿದ ‘ಜ್ಯೂಸ್ ಶಾಪ್’ ಎಂಬ ತಾಣವನ್ನು ‘ಒವಾಸ್ಪ್’ ಸಂಘದವರು ಉಚಿತವಾಗಿ ಕೊಡುತ್ತಾರೆ. ಸ್ವಂತ ಯಂತ್ರದಲ್ಲಿ ಅದನ್ನು ಹಾಕಿಕೊಂಡು ಎಷ್ಟು ಬೇಕಾದರೂ ನುಗ್ಗಿ ನೋಡಬಹುದು. ಆದರೆ ಕಾಲೇಜಿನ, ಬ್ಯಾಂಕಿನ, ಗೆಳೆಯನ ಖಾತೆಯ ಮೇಲೆ ಕೈ ಪಳಗಿಸಬಾರದು. ನಮ್ಮ ದೇಶದ ೨೦೦೦ದ ಮಾಹಿತಿ ತಂತ್ರಜ್ಞಾನ ಕಾಯಿದೆಯ ೪೩ ಮತ್ತು ೬೬ನೆಯ ಕಲಮುಗಳೂ ಒಡೆಯನ ಅಪ್ಪಣೆಯನ್ನೇ ಕೇಳುತ್ತವೆ. ಅಪ್ರಾಮಾಣಿಕವಾಗಿ ಅಥವಾ ಮೋಸದಿಂದ ಅದನ್ನು ಮೀರಿದವರಿಗೆ ಮೂರು ವರ್ಷದವರೆಗೆ ಸೆರೆವಾಸ, ಐದು ಲಕ್ಷ ರೂಪಾಯಿಯವರೆಗೆ ಜುಲ್ಮಾನೆ, ಅಥವಾ ಎರಡೂ ಉಂಟು. ವಿದ್ಯಾರ್ಥಿದೆಸೆಯ ಒಂದು ಚೇಷ್ಟೆ ಪೊಲೀಸರ ದಫ್ತರಕ್ಕೆ ಏರಿದರೆ, ಮುಂದೆ ವೀಸಾ ಅರ್ಜಿಯ ಪುಟದಲ್ಲಿ ಅದೇ ಪ್ರಶ್ನೆಯಾಗಿ ಎದುರು ನಿಲ್ಲುತ್ತದೆ.

ಕೊನೆಯದಾಗಿ ಕಿರಿಯ ಮಿತ್ರರಿಗೆ ಒಂದು ಮಾತು. ಸ್ವತಂತ್ರ ವೃತ್ತಿ ಎಂದರೆ ಯಾರ ಅಪ್ಪಣೆಯೂ ಬೇಡದ ಬದುಕು ಎಂದು ಹಲವರು ತಿಳಿದಿದ್ದಾರೆ. ಈ ವೃತ್ತಿಯಲ್ಲಂತೂ ಅದು ತಲೆಕೆಳಗು. ಸಂಬಳದ ನೌಕರನಿಗೆ ಅಪ್ಪಣೆಗಳನ್ನು ಸಂಸ್ಥೆಯೇ ತಂದುಕೊಡುತ್ತದೆ. ಸ್ವತಂತ್ರನು ಪ್ರತಿಯೊಂದನ್ನೂ ತಾನೇ ಕೇಳಿ, ಬರೆಸಿ, ರುಜು ಹಾಕಿಸಿಕೊಂಡು ಜೋಪಾನ ಮಾಡಬೇಕು. ಅಷ್ಟು ತಾಳ್ಮೆಯಿರುವವರಿಗೆ, ಅವರು ಯಾವ ವಿಭಾಗದಲ್ಲಿ ಓದಿದವರಾದರೂ, ಯಾವ ನಾಡಿನಿಂದ ಬಂದವರಾದರೂ, ಬೀಗದ ಕೈಯನ್ನು ತಾವಾಗಿ ತಂದು ಒಪ್ಪಿಸುವ ಗಿರಾಕಿಗಳು ಮ್ಯಾಂಚೆಸ್ಟರಿನಲ್ಲಿಯೂ ಇದ್ದಾರೆ, ಮೈಸೂರಿನಲ್ಲಿಯೂ ಇದ್ದಾರೆ.